ನೊರಿ ಉಳಿದ ಕಂಬಳಿ

ಅಗರಖೇಡ
೨೯-೮-೧೯೭೫

ಸೊಸಿ ಕಸ್ತೂರೆವ್ವಗ ಮಾವ ಮಾಳಿಂಗಪ್ಪನ ತುಂಬು ಆಶೀರ್ವಾದ.

ನೀ ಆರಾಮ ಇದ್ದೀ ಅಂತ ತಿಳದೇನಿ. ದೇವಣಗಾಂವದಾಗ ಬೀಗರ ಮೊಣಕಾಲ ನೋವು ಹೆಂಗೈತಿ? ಇಲ್ಲಿ ಎಲ್ಲಾ ಕ್ಷೇಮ, ನಿನ್ನ ಗಂಡ ಗುರಪ್ಪ ಬಡಿಯೋ ರೊಟ್ಟಿ ಒಂದನ್ನ ಬಿಟ್ಟು. ನಿನ್ನೆ ಒಂದು ನಾಯಿಗೆ ಹಾಕಿದ್ವಿ. ಅದು ರೊಟ್ಟಿ ಮೂಸಿ, ಅವನ ಮಾರಿ ನೋಡಿ, ಸುಮ್ಮನ ಹೊಳಿ ಕಡೆ ಹೋತು.

ಪಂಚಮಿಗೆ ನಾಲ್ಕು ದಿನ ಅಂತ ತವರಿಗೆ ಹೋದಾಕಿ, ಇವತ್ತಿಗೆ ಹದಿನೆಂಟಾದುವು. ಕಾರಣ ನನಗ ಗೊತ್ತೈತಿ. ನೀ ಸಾಬೂನ ಪುಡಿ ಹಾಕಿ ತೊಳದ ಕಂಬಳಿನ ತಲಿಮ್ಯಾಲೆ ಕೊಪ್ಪಿ ಹಾಕ್ಕೊಂಡು ನಾ ಕುರಿ ಹಿಂದ ಹೋದೆ, ಮಳಿ ಎಲ್ಲಾ ನನ್ನ ನೆತ್ತಿಮ್ಯಾಲೆ ಸುರೀತು. ಕಟ್ಟಿ ಮ್ಯಾಲೆ ಹತ್ತು ಮಂದಿ ಮುಂದ ‘ಕಂಬಳಿನ ಜರಡಿ ಮಾಡಿದ್ಲು’ ಅಂದೆ. ನೀ ಆ ತೊಯ್ದ ಕಂಬಳಿ ಇಸ್ಕೊಂಡು, ಹಿಂಡಿ ಹಗ್ಗಕ್ಕ ಹಾಕಿದಿ. ಅದ ಭಾಳ ಚುಚ್ಚಿತು.

ಹಿಂಗಾಗಿ ಕಂಬಳಿ ಯಾಕ ಸೋರಿತು ಅಂತ ಸಾಲಿಯ ಅಪ್ಪಾಸಾಬ ಮಾಸ್ತರರನ್ನ ಕರಿಸಿ ಪಂಚಾಯ್ತಿ ಮಾಡಿಸಿದೆ. ಅವರು ನೀರಿನ ಮ್ಯಾಲೆ ಓಡೂ ಹುಳಾ ಒಂದನ್ನ ಬಾವಿಯಿಂದ ತಂದು ಪರಾತದ ನೀರಿಗೆ ಬಿಟ್ರು. ಅದು ಫೌಜುದಾರನಂಗ ಅಡ್ಡಾಡತಿತ್ತು. ಒಂದು ಚಿಟಿಕಿ ಸಾಬೂನ ಪುಡಿ ಹಾಕಿದ್ದ ತಡ, ಸಾಹೇಬ್ರು ಮುಳುಗಿದ್ರು. ಪಾಪ, ಕಡ್ಡಿ ಕೊಟ್ಟು ಎತ್ತಿದೆ. ನೀರಿಗೂ ಬಾರಿಸೂ ಹಲಗಿಗೆ ಬಿಗಿದಂಥ ತೊಗಲು ಇರ್ತೈತಂತ, ಪುಸ್ತಕದಾಗ ಮೇಲ್ಮೈ ಎಳೆತ ಅಂತಾರಂತ. ಜಿಡ್ಡಿನ ಉಣ್ಣಿ ನೂಲಿನ ಮ್ಯಾಲೆ ಅದರ ದೆಸಿಯಿಂದನ ಹನಿ ಗುಂಡಗ ನಿಂತು ಉರುಳತಾವು. ಸಾಬೂನ ಉಳದ್ರ ಆ ತೊಗಲು ಸಡ್ಲಾಗಿ ನೀರು ಒಳಗ ಇಳೀತೈತಿ. ಕುರಿ, ಬಾತುಕೋಳಿ ಮೈಮ್ಯಾಲೆ ಜಿಡ್ಡು ಇರೂದನ್ನ ನೋಡಿ ಎಂಜಿನಿಯರ ಮಂದಿ ಮಿಲಿಟರಿ ಡೇರೆಕ್ಕ ಮೇಣ ಹಚ್ಚತಾರಂತ. ಇದನ್ನ ಕೇಳಿದಾಗಿಂದ ನಮ್ಮ ಕುರಿಗಳ ಮುಂದ ನಾ ಸ್ವಲ್ಪ ಮರ್ಯಾದಿಲೆ ನಡಕೋತೇನಿ.

ಕಂಬಳಿನ ಹೊಳಿಯಾಗ ನಾಲ್ಕು ಸಲ ಬರೇ ನೀರಿನಾಗ ಜಾಲಿಸಿ ಒಣಗಿಸಿದೆ. ಸೋಮವಾರ ಜೋರು ಮಳಿ. ಹನಿಗಳು ಮುತ್ತಿನಂಗ ಉರುಳಿದುವು, ನೆತ್ತಿ ಒಣಾ ಒಣಾ.

ಬೀಗರಿಗೂ ಬೀಗತಿಗೂ ನನ್ನ ಶರಣು ಹೇಳು. ನಿನಗ ಹೊಳಿಯಷ್ಟು ಆಯುಷ್ಯ ಇರಲಿ.

ನಿನ್ನ ಮಾವ
ಮಾಳಿಂಗಪ್ಪ

ತಾ.ಕ.: ಒಂದು ಉಳೀತು. ಅವತ್ತು ನೀ ‘ಇನ್ನೊಂದು ಸಲ ಜಾಲಿಸ್ತೇನ್ರಿ ಮಾವಾರ’ ಅಂದಾಗ, ‘ಸಾಕು ತಗಿ, ಹರದೀತು’ ಅಂತ ನೊರಿ ಇರೂವಾಗನ ಕಸಗೊಂಡಾವ ನಾನ. ಬೈಯೂ ಮುಂದ ಅದನ್ನ ನುಂಗಿದ್ದೆ. ನಿನ್ನೆ ಅದ ಕಟ್ಟಿ ಮ್ಯಾಲೆ, ಅದ ಹತ್ತು ಮಂದಿ ಮುಂದ ಹೇಳೇನಿ. ಮಗ್ಗಲಮನಿ ಗುಂಡವ್ವ ಇನ್ನೂ ನಗಾಕತ್ತಾಳ. ಬರೂ ಗುರುವಾರ ಬಂಡಿ ತರ್ತೇನಿ, ಗಂಟು ಕಟ್ಟಿ ಇಡು. ದಾರಿಯಾಗ ಮಳಿ ಬಂದ್ರ ಕಂಬಳಿ ನಿನಗ. ನಾ ತೊಯ್ಸಿಕೊಂಡು ಬರ್ತೇನಿ.