ಆರ್ಡೆನ್ ಬರೆಯದ ಹೆಸರು

ಹೆಲೆನಾ, ಮೊಂಟಾನಾ
ಡಿಸೆಂಬರ್ 19

ಪ್ರೀತಿಯ ಆರ್ಡೆನ್,

ನೀನು ಮೈಲ್ಸ್ ಸಿಟಿ ತಲುಪಿದ್ದೀಯೆಂದು ನಿನ್ನ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. ಫೋನ್ ನಿನ್ನ ಕೈಗೆ ಕೊಡು ಎಂದೆ, ನೀನು ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರಾಜ್ಯದ ಜನ ಅಧ್ಯಕ್ಷನಾಗಿ ಯಾರನ್ನು ಆರಿಸಿದರೋ ಅವರ ಹೆಸರನ್ನೇ ಬರೆಯುತ್ತೇವೆಂದು ರಾಜ್ಯದ ಪರವಾಗಿ ಅಂತಿಮ ಮತ ಹಾಕುವ ನೀವು ನಾಲ್ವರು ನಿರ್ವಾಚಕರೂ ಮಾತು ಕೊಟ್ಟಿದ್ದಿರಿ. ಆರಿಸಿದ್ದು ನಮ್ಮ ಪಕ್ಷದ ಹಾಲ್ಡೇನನನ್ನು. ಯೋಧರ ಆಸ್ಪತ್ರೆಗಳನ್ನು ಮುಚ್ಚಿಸುತ್ತೇನೆಂದು ಅವನು ಟಿವಿಯಲ್ಲಿ ಹೇಳಿದಾಗ ನಮ್ಮ ವೇಡ್ ಅಂಥದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಯುದ್ಧದಿಂದ ಒಂದೇ ಕಾಲಿನಲ್ಲಿ ಮರಳಿದ ಮಗನ ಪಕ್ಕ ಕೂತು ನೀನು ಆ ಮಾತು ಕೇಳಿದ್ದೆ. ಮಂಗಳವಾರ ಶಾಸನಭವನದಲ್ಲಿ ಹಾಲ್ಡೇನನ ಹೆಸರು ಬರೆಯಲು ನಿನಗೆ ಕೈ ಬರಲಿಲ್ಲ. ಬೇರೊಂದು ಹೆಸರು ಬರೆದೆ.

ಚುನಾವಣಾ ಅಧಿಕಾರಿಣಿ ಚೀಟಿ ಓದಿ, "ಇದು ನಡೆಯಲ್ಲ ಸರ್. ಮಾತು ತಪ್ಪಿದ್ರೆ ಕಾನೂನಿನ ಪ್ರಕಾರ ನಿಮ್ಮ ಜಾಗ ಖಾಲಿ ಆಯ್ತು," ಎಂದಳು. ಬದಲಿ ನಿರ್ವಾಚಕಿಯಾಗಿ ಪಕ್ಷ ಬೇಸಿಗೆಯಲ್ಲೇ ನನ್ನ ಹೆಸರು ಕೊಟ್ಟಿತ್ತು. ನಿನಗೆ ನೆಗಡಿ ಬಂದರೆ ಇರಲಿ ಎಂದು ಇಬ್ಬರೂ ನಕ್ಕಿದ್ದೆವು. ಆಕೆ ನನ್ನನ್ನು ಕರೆದಾಗ ನೀನು ಅಡ್ಡ ಬಂದೆ.

"ವರ್ನಾ, ಕೂತ್ಕೋಬೇಡ."

"ಜನ ಗೆಲ್ಸಿದಾರೆ ಕಣೋ."

"ಅವರು ಹೇಳಿದ್ದನ್ನೇ ಬರೆಯೋಕೆ ಮನುಷ್ಯರು ಯಾಕೆ ಬೇಕು? ಒಂದು ರಬ್ಬರ್ ಸ್ಟಾಂಪ್ ಇಟ್ಕೊಳ್ಳಲಿ!"

"ಪಕ್ಕದ ಮನೆ ಗಸ್ ಆಕ್ಸಿಜನ್ ಸಿಲಿಂಡರ್ ಎಳ್ಕೊಂಡು ಹಿಮದಲ್ಲಿ ಬಂದು ಓಟು ಹಾಕಿದ. ಅದನ್ನ ಅಳಿಸೋಕೆ ನೀನ್ಯಾರು?"

"ನಾನು ವೇಡ್‌ನ ಅಪ್ಪ!"

ನಿನ್ನನ್ನು ದಾಟಿ ಹೋಗಿ ನಿನ್ನ ಕುರ್ಚಿಯಲ್ಲಿ ಕೂತೆ. ಹಾಲ್ಡೇನನ ಹೆಸರು ಬರೆದೆ. ಅಕ್ಷರಗಳು ನೆಟ್ಟಗೇ ಬಂದವು. ತಲೆ ಎತ್ತುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಆಮೇಲೆ ಎಲ್ಲರಿಗೂ ಹಕಲ್‌ಬೆರಿ ಹಣ್ಣಿನ ಪೈ ಕೊಟ್ಟರು. ನಾನು ತಿಂದೆ. ಕಾರು ನೀನು ಒಯ್ದಿದ್ದರಿಂದ ಪಕ್ಷದವರು ಯಾರೋ ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಅವರು ನನ್ನನ್ನು ಹೊಗಳಿದ್ದು ನನಗೆ ಹಿಡಿಸಲಿಲ್ಲ.

ಮನೆಗೆ ಬಂದು ವೇಡ್‌ಗೆ ಎಲ್ಲ ಹೇಳಿದೆ. "ಅಪ್ಪನೂ ನನ್ನ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ," ಎಂದ. ತನ್ನ ಕೋಣೆಯ ಬಾಗಿಲು ಹಾಕಿಕೊಂಡ. ಆಮೇಲೆ ಒಳಗಿನಿಂದಲೇ, "ಅಪ್ಪಂಗೆ ಬರೋಕೆ ಹೇಳು," ಎಂದು ಕೂಗಿದ.

ಆ ಆಸ್ಪತ್ರೆ ಉಳಿಸಲು ಜನವರಿಯಲ್ಲಿ ಅವನು ಅಧಿಕಾರಕ್ಕೆ ಬಂದ ಮೇಲೆ ನೀನು ಎಲ್ಲಿ ಧರಣಿ ಕೂತರೂ, ಯಾರ ಬಾಗಿಲು ಬಡಿದರೂ ನಿನ್ನ ಜೊತೆ ನಾನಿರುತ್ತೇನೆ. ಹಾಲ್ಡೇನನ ಬಾಗಿಲಾದರೂ ಸರಿ. ರಸ್ತೆಯಲ್ಲಿ ಹಿಮ ಗಟ್ಟಿಯಾಗಿದೆ, ಬೆಳಕಿರುವಾಗಲೇ ಹೊರಡು.

ನಿನ್ನ ಮೇಲೆ ಸಿಟ್ಟಿಲ್ಲದ,
ವರ್ನಾ

ತಾ.ಕ.: ನವೆಂಬರಿನಲ್ಲಿ ಪಕ್ಷ ಬಿಡಲಾಗದೆ ಗೊಣಗುತ್ತಲೇ ನೀನು ಹಾಲ್ಡೇನನಿಗೆ ಓಟು ಹಾಕಿ ಬಂದೆ. ನಾನೂ ಅವನಿಗೇ ಹಾಕಿದೆನೆಂದು ನೀನು ತಿಳಿದಿದ್ದೀಯ. ನಾನು ಹಾಕಿದ್ದು ಎದುರು ಪಕ್ಷದವಳಿಗೆ. ಆ ಓಟು ನನ್ನದಾಗಿತ್ತು; ಮಂಗಳವಾರದ್ದು ಜನರದು.