ಕಿವಿಯಿಂದ ಓದಿದ ಅಕ್ಷರಗಳು

ಜೂನ್ 4, ಬೆಳಿಗ್ಗೆ

ಸೇರಿರುವ ಮಹಾಜನರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ನಿಂತು ಇಣುಕುವವರೇ, ಗಲಾಟೆ ಬೇಡ! ...ಯಾರೂ ಇಲ್ಲ, ಗೊತ್ತು. ವೃದ್ಧಾಶ್ರಮದ ಮಂಚ, ನಾನು, ಈ ದಪ್ಪ ಮಾರ್ಕರ್. ಪೆನ್ನಿನ ಅಕ್ಷರ ಈಗ ನನಗೇ ಕಾಣುವುದಿಲ್ಲ.

ಹಲ್ಲುಜ್ಜಿದೆ. ಪೇಸ್ಟ್ ಅಂದುಕೊಂಡದ್ದು ನೋವಿನ ಮುಲಾಮು. ಬಾಯೆಲ್ಲ ಉರಿ. ಪಕ್ಕದ ಮಂಚದ ಟೈಲರ್ ಬಿದ್ದು ಬಿದ್ದು ನಕ್ಕ. "ಏನ್ ಮಹಾರಾಜ್ರೇ, ಹಲ್ಲಿಗೂ ಮಂಡಿನೋವಾ?" ನಾನೂ ನಕ್ಕೆ. ಟ್ಯೂಬನ್ನು ದಿಂಬಿನಡಿ ತಳ್ಳಿದೆ.

ಯಾರಿಗೂ ಹೇಳಬಾರದು. ಕಣ್ಣು ಹೋದವರನ್ನು ಮೇಲಿನ ಮಹಡಿಗೆ ಹಾಕುತ್ತಾರೆ. ಅಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ. ಅಲ್ಲಿಗೆ ಹೋದ ನಮ್ಮ ಪೋಸ್ಟ್‌ಮಾಸ್ಟರ್ ಇಳಿದು ಬರಲೇ ಇಲ್ಲ.

ಜೂನ್ 9

ಕಣ್ಣಿನ ತಪಾಸಣೆ. ಊಟದ ಹಾಲ್‌ನ ಗೋಡೆಗೆ ಅಕ್ಷರದ ಚಾರ್ಟ್. ಓದಿದವರು ಪಾಸ್, ತಡವರಿಸಿದವರಿಗೆ ಮಾತ್ರ ಟಾರ್ಚು, ಡಾಕ್ಟರು.

ಬೇಕೆಂದೇ ಕ್ಯೂನ ಕೊನೆಗೆ ನಿಂತೆ. ಮುಂದಿನವರು ಓದಿದ್ದೆಲ್ಲ ಕಿವಿಗೆ ಹಾಕಿಕೊಂಡೆ. ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುವಾಗ ಪರದೆಯ ಸಂದಿಯಿಂದ ಒಮ್ಮೆ ಹೇಳಿಕೊಟ್ಟರೆ ಇಡೀ ಅಂಕ ಒಪ್ಪಿಸುತ್ತಿದ್ದ ಬಾಯಿ ಇದು! ನನ್ನ ಸರದಿ. ಎದುರಿಗೆ ಬರೀ ಮಂಜು. ಎದೆ ಸೆಟೆಸಿ, ಏರುದನಿಯಲ್ಲಿ, ಕೊನೆಯ ಸಾಲಿನವರೆಗೂ ಒಪ್ಪಿಸಿಬಿಟ್ಟೆ. ಚಪ್ಪಾಳೆ!

"ಈ ವಯಸ್ಸಲ್ಲಿ ಎಂಥಾ ಕಣ್ಣು ಅಜ್ಜಾ ನಿಮ್ದು!" ಅಂದಳು ತಪಾಸಣೆಯ ಹುಡುಗಿ.

ಗೆದ್ದೆ. ಯಾರೂ ನೋಡದಾಗ ಗೋಡೆ ಸವರಿಕೊಂಡು ಮಂಚಕ್ಕೆ ಬಂದೆ.

ಜೂನ್ 23

ಬರೆಯಲು ಧೈರ್ಯ ಇರಲಿಲ್ಲ. ಎರಡು ಸಲ ಬಿದ್ದೆ.

ಇವತ್ತು ಮಗಳು ಬಂದಳು. ಎದ್ದು ಹೋಗಿ, "ಬಾ ಮಗಳೇ, ಎಷ್ಟು ಸೊರಗಿದ್ದೀಯಾ" ಅಂದೆ. ಬಿಕ್ಕುವ ಸದ್ದು ಹಿಂದಿನಿಂದ ಬಂತು. ನಾನು ಮಾತಾಡಿಸುತ್ತಿದ್ದದ್ದು ಗೋಡೆಗೆ ತೂಗುಹಾಕಿದ ರೇನ್‌ಕೋಟನ್ನು.

ಕಾರಿಡಾರಿನಲ್ಲಿ ಸಿಸ್ಟರ್ ಅವಳಿಗೆ ಹೇಳಿದ್ದು ಕೇಳಿಸಿತು. "ಕಣ್ಣು ಫಸ್ಟ್ ಕ್ಲಾಸ್ ಅಕ್ಕಾ, ಚೆಕ್ ಆಗಿದೆ. ಇದು ತಲೆ ತೊಂದರೆ. ಮೇಲ್ಗಡೆ ಶಿಫ್ಟ್ ಮಾಡೋಣ. ನಾಡಿದ್ದು ಬೆಳಿಗ್ಗೆ ಬಂದು ಸೈನ್ ಹಾಕಿ."

ಮಗಳು ಮೂಗೆಳೆದುಕೊಂಡಳು. "ಆಯ್ತು" ಅಂದಳು.

ಜೂನ್ 24, ಸಂಜೆ

ಟೈಲರ್ ಹತ್ತಿರ ಎಲ್ಲ ಬಾಯಿಬಿಟ್ಟೆ. ಅವನು ನಗಲಿಲ್ಲ. ಗಲ್ಲ ಹಿಡಿದು ನನ್ನ ಮುಖವನ್ನು ಕಿಟಕಿಗೆ ತಿರುಗಿಸಿದ.

"ಪಾಪೆ ಬೆಳ್ಳಗಾಗಿದೆಯಲ್ಲಯ್ಯಾ! ಪೊರೆ ಕಣಯ್ಯಾ ಇದು. ನಂಗೂ ಇತ್ತು. ಬೆಳಿಗ್ಗೆ ಹೋದೆ, ತೆಗೆದ್ರು, ಸಂಜೆ ವಾಪಸ್ ಬಂದೆ."

"ಮತ್ತೆ ಪೋಸ್ಟ್‌ಮಾಸ್ಟ್ರು?"

"ಅವ್ರಿಗೆ ಲಕ್ವ ಹೊಡೆದಿತ್ತು. ನಿನ್ನ ಕಥೆ ಬೇರೆ. ಕಾಣಲ್ಲ ಅಂದಿದ್ರೆ ಆಪರೇಶನ್ ಮಾಡಿಸ್ತಿದ್ರು. ಕಾಣತ್ತೆ ಅಂತ ಮೆರೆದ್ಯಲ್ಲ, ಅದಕ್ಕೇ ಹುಚ್ಚ ಅಂದ್ಕೊಂಡಿದಾರೆ."

ಕಣ್ಣಿಗೆ ಕತ್ತರಿ ಹಾಕುತ್ತಾರೆ ಅನ್ನುವ ಭಯ ಒಂದು. ಅದಕ್ಕಿಂತ ದೊಡ್ಡದು — ಈಗ ನಿಜ ಹೇಳಿದರೂ ನಂಬುವವರು ಯಾರು? ಚಪ್ಪಾಳೆ ತಟ್ಟಿದವರೆಲ್ಲ ಸಾಕ್ಷಿ. ಇದೂ ತಲೆಕೆಟ್ಟ ಮಾತು ಅಂದುಬಿಟ್ಟರೆ?

ಆದರೂ ನಾಳೆ ಬೆಳಿಗ್ಗೆ, ಅವಳು ಸೈನ್ ಹಾಕುವ ಮುಂಚೆ, ಗೋಡೆ ಸವರಿಕೊಂಡು ಆಫೀಸಿನ ಬಾಗಿಲಿಗೆ ಹೋಗುತ್ತೇನೆ. ಏರುದನಿ ಬೇಡ. ಅಭಿನಯ ಬೇಡ. ಅವಳ ದನಿಯ ಜಾಡು ಹಿಡಿದು ಕೈ ಹುಡುಕಿ, ಮೆಲ್ಲಗೆ ಹೇಳುತ್ತೇನೆ — ಮಗಳೇ, ನಿನ್ನ ಮುಖ ನನಗೆ ಕಾಣುತ್ತಿಲ್ಲ.