ಹನ್ನೆರಡನೇ ಮಹಡಿಯಲ್ಲಿ ಕರೆಂಟ್ ಹೋದದ್ದು

ಬೆಂಗಳೂರು
೧೮ ಮೇ ೨೦೨೫, ಭಾನುವಾರ ಬೆಳಿಗ್ಗೆ

ಕಿತ್ತೂರಿನ ಹಿರಿಮಗಳೂ ರಾಮದುರ್ಗದ ಸೊಸೆಯೂ ಫೋನ್ ಎತ್ತದಿರುವುದರಲ್ಲಿ ಇಡೀ ಜಿಲ್ಲೆಗೆ ಮೊದಲಿಗಳೂ ಆದ ನಾಜಿಮಾ ಆಪಾಳ ಸನ್ನಿಧಾನಕ್ಕೆ,

ತಂಗಿ ಮೆಹೆರಾಜಳ ಸಲಾಮು. ಮೊದಲು ಈ ಕಾಗದವನ್ನು ಮುಟ್ಟಿ ನೋಡು, ಆಮೇಲೆ ಓದು. ನಿನ್ನ ನಿಕಾಹದ ಕಾರ್ಡು ಕೂಡ ಇಷ್ಟು ದಪ್ಪ ಇರಲಿಲ್ಲ. ಇಲ್ಲಿ ಮೇಜಿನ ಖಾನೆಯೊಳಗೆ ಇಂಥ ಕಾಗದ, ಲಕೋಟೆ, ಪೆನ್ನು ಎಲ್ಲ ಇಟ್ಟಿದ್ದಾರೆ. ಬರೆದು ಕೆಳಗೆ ಕೊಟ್ಟರೆ ಅವರೇ ಅಂಚೆಗೆ ಹಾಕುತ್ತಾರಂತೆ. ನಾವು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಆದರೆ ಅಂಚೆಯವನು ಬಾಗಿಲಿಗೆ ಬಂದು ನಿನ್ನ ಹೆಸರು ಕೂಗಿದರೆ ಅತ್ತೆಯ ಎದುರಿಗೆ ಲಕೋಟೆ ಒಡೆಯಲೇಬೇಕಲ್ಲ? ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನಿರುವುದು ಬೆಂಗಳೂರಿನ ನಟ್ಟನಡುವೆ, ಒಂದು ಹೋಟೆಲಿನ ಹನ್ನೆರಡನೇ ಮಹಡಿಯಲ್ಲಿ. ಹೋಟೆಲ್ ಎಂದರೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಕರಿಯುವ ಹೋಟೆಲ್ ಎಂದು ತಿಳಿಯಬೇಡ. ಇಲ್ಲಿ ಮಿರ್ಚಿಯ ವಾಸನೆ ಬರುವುದಿಲ್ಲ. ಯಾವುದೋ ಹೂವಿನ ವಾಸನೆ ಬರುತ್ತದೆ, ಹೂವು ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಇಲ್ಲಿಗೆ ಬಂದ ಬಗೆ ಹೀಗೆ. ಬೈಲಹೊಂಗಲದ ಮಡಿವಾಳೆಪ್ಪನ ಟೈರ್ ಅಂಗಡಿ ನಿನಗೆ ಗೊತ್ತು. ಅಬ್ಬಾ ಕಬ್ಬಿನ ಟ್ರೇಲರಿಗೆ ಹೊಸ ಟೈರ್ ಹಾಕಿಸಿದಾಗ ಅಲ್ಲೊಂದು ಚೀಟಿ ತುಂಬಿ ಡಬ್ಬಿಗೆ ಹಾಕಿದ್ದರು. ಟೈರ್ ಕಂಪನಿಯವರು ಸಾವಿರಾರು ಚೀಟಿಗಳ ನಡುವೆ ಕೈಯಾಡಿಸಿ ಖಾಸಿಮಸಾಬ ಎಂಬ ಅಬ್ಬಾರ ಹೆಸರನ್ನೇ ಎತ್ತಿದರು. ಬಹುಮಾನ: ದೊಡ್ಡ ಹೋಟೆಲಿನಲ್ಲಿ ದಂಪತಿಗಳಿಗೆ ಒಂದು ದಿನದ ವಾಸ. ‘ದಂಪತಿಗಳಿಗೆ’ ಎಂಬಲ್ಲಿಗೆ ಬಂದಾಗ ಮಡಿವಾಳೆಪ್ಪ ಓದುವುದನ್ನು ನಿಲ್ಲಿಸಿ ಅಬ್ಬಾರ ಮುಖ ನೋಡಿದನಂತೆ. ನಮ್ಮ ಮನೆಯ ಸುದ್ದಿ ಅಲ್ಲಿಯವರೆಗೂ ಹೋಗಿದೆ, ಆಪಾ.

ನಿನಗೂ ಅಷ್ಟಿಷ್ಟು ಗೊತ್ತಿರಬೇಕು. ಜನವರಿಯಲ್ಲಿ ನಿನ್ನ ನಿಕಾಹ ಮುಗಿದ ಮೇಲೆ ಅಬ್ಬಾ, “ಟ್ರ್ಯಾಕ್ಟರ್ ಸಕ್ರಿ ಕಾರ್ಖಾನಿ ಲೈನ್‌ನಾಗ ನಿಂತೈತಿ, ಸರದಿ ಬಿಟ್ರ ಕಬ್ಬು ಒಣಗತೈತಿ, ಮುಂದ ಸರಿಸಿ ಬಂದಬಿಡತೇನಿ” ಎಂದು ಹೋದವರು ಬರಲೇ ಇಲ್ಲ. ವಾಸೀಮ್ ಭಾವನ ಕಡೆಯವರು ಹೂವಿನ ಗಾಡಿಯ ಮುಂದೆ ನಿಂತು ನಿಂತು ಬೇಸತ್ತರು. ನೀನು ಸೆರಗು ಸರಿಸಿ ರಸ್ತೆ ನೋಡಿದೆ. ತಲೆಯ ಮೇಲೆ ಕೈಯಿಟ್ಟು ಗಾಡಿ ಹತ್ತಿಸಬೇಕಾದ ಅಬ್ಬಾ ಇಲ್ಲದೆಯೇ ನಿನ್ನನ್ನು ಕಳಿಸಿಕೊಟ್ಟೆವು. ಅಂದಿನಿಂದ ನೀನು ಫೋನ್ ಎತ್ತುವುದನ್ನು ಬಿಟ್ಟೆ, ಅಮ್ಮಾ ಅಬ್ಬಾರ ಜೊತೆ ಮಾತು ಬಿಟ್ಟಳು. ನಿಮ್ಮಿಬ್ಬರ ಕೃಪೆಯಿಂದ ನನಗೆ ದುಭಾಷಿಯ ಹುದ್ದೆ ಸಿಕ್ಕಿತು.

ಬಹಳ ಜವಾಬ್ದಾರಿಯ ಹುದ್ದೆ. ಅಮ್ಮಾ ನನ್ನ ಕಡೆ ತಿರುಗಿ, “ನಿಮ್ಮಪ್ಪಗ ಹೇಳು, ಚಾ ಆರಾಕತ್ತೈತಿ” ಅನ್ನುತ್ತಾಳೆ. ಒಂದು ಮಾರು ದೂರದಲ್ಲಿ ಕುಳಿತ ಅಬ್ಬಾ, “ಕುಡಿತೇನಿ ಅಂತ ಹೇಳವಾ ನಿಮ್ಮಮ್ಮಗ” ಅನ್ನುತ್ತಾರೆ. ನಾನು ಕಾಲೇಜಿಗೆ ಹೋದ ದಿನ ಈ ಕೆಲಸ ಎಮ್ಮೆಯ ಪಾಲಿಗೆ ಬರುತ್ತದೆ. ಎಮ್ಮೆಯನ್ನು ಬೆಂಗಳೂರಿಗೆ ಕರೆತರಲು ಆಗುವುದಿಲ್ಲವಾದ್ದರಿಂದ ದಂಪತಿಗಳ ಬಹುಮಾನಕ್ಕೆ ನಾನೂ ಜೊತೆಯಾದೆ.

ಈಗ ಹೋಟೆಲಿನ ವೈಭವವನ್ನು ಕೇಳು. ಬಾಗಿಲಲ್ಲಿ ಆಳೆತ್ತರಕ್ಕಿಂತ ಎತ್ತರದ ಒಬ್ಬ ಮನುಷ್ಯ, ಜರಿಯ ರುಮಾಲು, ಕಿವಿಯ ತನಕ ಮೀಸೆ. ನಮ್ಮನ್ನು ನೋಡಿದ್ದೇ ಹಣೆಗೆ ಕೈಯಿಟ್ಟು ಬಗ್ಗಿದ. ಅಮ್ಮಾ ಗಾಬರಿಯಿಂದ ಸೆರಗು ಹೊದ್ದು “ವಾಲೇಕುಮ್ ಸಲಾಮ್” ಅಂದಳು. ಆ ಮೀಸೆಯ ಕೆಳಗೆ ನಗು ಹೇಗೆ ಸಿಕ್ಕಿಹಾಕಿಕೊಂಡಿತ್ತು ಎಂದರೆ ಪಾಪ, ಅದಕ್ಕೆ ಹೊರಬರಲು ದಾರಿಯೇ ಸಿಗಲಿಲ್ಲ. ಒಳಗೆ ಕಾಲಿಟ್ಟರೆ ನೆಲದಲ್ಲಿ ನಮ್ಮ ಮುಖ. ಅಬ್ಬಾ ದರ್ಗಾದ ಹೊಸ್ತಿಲಲ್ಲಿ ಬಿಡುವ ಹಾಗೆ ಚಪ್ಪಲಿ ಬಿಟ್ಟರು, ಆಮೇಲೆ ಕಳವಾದೀತು ಎಂದು ಬಗಲಿಗೆ ಇಟ್ಟುಕೊಂಡರು. ಅವರ ಹಿಂದೆ ಅಮ್ಮಾ, ಅವಳ ಹಿಂದೆ ನಾನು. ಮೂವರೂ ಬರಿಗಾಲಿನಲ್ಲಿ, ಚಪ್ಪಲಿ ಹಿಡಿದು, ಆ ಕನ್ನಡಿಯಂಥ ನೆಲದ ಮೇಲೆ ಮೆರವಣಿಗೆ ಹೊರಟೆವು. ಸುತ್ತ ಕುಳಿತವರು ಕಾಫಿ ಕುಡಿಯುವುದನ್ನು ಮರೆತರು. ನಗಬೇಡ. ಆ ನೆಲ ತಂಪಾಗಿತ್ತು, ನೀರಿನ ಮೇಲೆ ನಡೆದ ಹಾಗಿತ್ತು. ತಲೆಯೆತ್ತಿದರೆ ಛತ್ತು ಎಷ್ಟು ಮೇಲಿತ್ತೆಂದರೆ ನಮ್ಮೂರಿನ ನೀರಿನ ಟಾಕಿಯನ್ನು ತಂದು ಒಳಗೆ ನಿಲ್ಲಿಸಬಹುದು. ಅಲ್ಲಿಂದ ಗಾಜಿನ ದೀಪದ ಗೊಂಚಲೊಂದು ಇಳಿಬಿದ್ದಿತ್ತು. ನಿನಗೆ ಹೇಳಲು ಒಂದು ಹೋಲಿಕೆ ಹುಡುಕುತ್ತಲೇ ಇದ್ದೇನೆ, ಸಿಕ್ಕಿಲ್ಲ. ನಾನು ಮಾತು ಸೋತದ್ದನ್ನು ನೀನು ಕಂಡಿದ್ದೀಯಾ? ಸೋತೆ.

ಗಂಗಾ ಎಂಬ ಹೋಟೆಲಿನ ಹುಡುಗಿ, ಕರಿ ಕೋಟು ಹಾಕಿಕೊಂಡವಳು, ನಮ್ಮನ್ನು ಗಾಜಿನ ಲಿಫ್ಟಿನಲ್ಲಿ ಮೇಲೆ ಕರೆತಂದಳು. ಬೆಂಗಳೂರು ಕಾಲ ಕೆಳಗೆ ಇಳಿಯುತ್ತಾ ಹೋಯಿತು. ಅಮ್ಮಾ ಕಣ್ಣು ಮುಚ್ಚಿ ದುವಾ ಓದಿದಳು. ಖೋಲಿಗೆ ಕೀಲಿ ಇಲ್ಲ, ಒಂದು ಕಾರ್ಡು ಇದೆ. ಅದನ್ನು ಬಾಗಿಲಿಗೆ ತೋರಿಸಿದರೆ ಬಾಗಿಲು ತೆರೆಯುತ್ತದೆ, ಒಳಗಿನ ಗೋಡೆಯ ಸಂದಿಗೆ ಸಿಕ್ಕಿಸಿದರೆ ದೀಪ, ಏಸಿ, ಟಿವಿ ಎಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಗಂಗಾ ಸಿಕ್ಕಿಸಿ ತೋರಿಸಿ ಹೋದಳು. ಅವಳು ಹೋಗಿ ಸ್ವಲ್ಪ ಹೊತ್ತಿಗೆ ಎಲ್ಲವೂ ಆರಿಹೋಯಿತು. ಅಮ್ಮಾ ನನಗೆ, “ಇಷ್ಟ ದೊಡ್ಡ ಹೋಟೆಲ್‌ನಾಗೂ ಲೋಡ್ ಶೆಡ್ಡಿಂಗ ಐತಿ ನೋಡು” ಅಂದಳು, ಒಂದು ರೀತಿಯ ಸಮಾಧಾನದಿಂದ. ನಾನು ಫೋನ್ ಮಾಡಿ ಗಂಗಾಳನ್ನು ಮತ್ತೆ ಕರೆಸಿದೆ. ಅವಳು ಬಂದು ನೋಡಿದರೆ ಸಂದಿ ಖಾಲಿ. ಕಾರ್ಡು ಅಬ್ಬಾರ ಅಂಗಿಯ ಕಿಸೆಯಲ್ಲಿ! “ಗಾಡಿ ನಿಂತ ಮ್ಯಾಲೆ ಚಾವಿ ಅದರಾಗ ಬಿಡಬಾರದವಾ. ಯಾರರ ಹೊಡಕೊಂಡು ಹೋದ್ರ?” ಅಂದರು ಅವಳಿಗೆ. ಖೋಲಿಯನ್ನು ಯಾರೂ ಹೊಡೆದುಕೊಂಡು ಹೋಗುವುದಿಲ್ಲ ಎಂದು ಗಂಗಾ ತುಂಬಾ ವಿನಯದಿಂದ ತಿಳಿಸಿದಳು. ಅಬ್ಬಾ ಒಪ್ಪಿದರು. ಆದರೂ ಆಗಾಗ ಆ ಸಂದಿಯ ಕಡೆ ನೋಡುತ್ತಲೇ ಇದ್ದರು.

ಬಚ್ಚಲಿನಲ್ಲಿ ಬಿಳಿಯ ತೊಟ್ಟಿಯೊಂದಿದೆ. “ಇದು ದನಕ್ಕ ನೀರ ಕುಡಿಸೂ ಬಾನಿ ಏನು?” ಎಂದು ಅಮ್ಮಾ ಕೇಳಿದಳು. ನಲ್ಲಿ ತಿರುಗಿಸಿದರೆ ನವಿಲುತೀರ್ಥದ ಅಣೆಕಟ್ಟಿನ ಗೇಟು ಎತ್ತಿದ ಹಾಗೆ ನೀರು, ಅದೂ ಬಿಸಿನೀರು. ಅವಳು ಕೈ ಒಡ್ಡಿ ಬಹಳ ಹೊತ್ತು ನಿಂತಳು. ಒಲೆಗೆ ಒಂದು ಕಡ್ಡಿ ಸೌದೆ ಇಡದೆ ಬಂದ ಬಿಸಿನೀರನ್ನು ಹಾಗೆ ನೋಡುವಾಗ ಅವಳ ಮುಖದಲ್ಲಿ ನಗುವಿರಲಿಲ್ಲ, ಏನೋ ದೊಡ್ಡದೊಂದನ್ನು ನಂಬಲು ಪ್ರಯತ್ನಿಸುವಂತಿತ್ತು. ಹಾಸಿಗೆ ಎಷ್ಟು ಬಿಳಿ ಎಂದರೆ ಅದರ ಮೇಲೆ ಕೂರುವುದು ಅಪರಾಧ ಎನ್ನಿಸಿತು. ಅಮ್ಮಾ ಚೀಲದಿಂದ ನಮ್ಮ ಕೌದಿ ತೆಗೆದು ಕೆಳಗೆ ಹಾಸಿ ಕುಳಿತಳು. ಅಬ್ಬಾ ಕಿಟಕಿಯ ಪಕ್ಕದ ಕುರ್ಚಿ ಹಿಡಿದರು. ನಾನು ಇಬ್ಬರ ನಡುವೆ ಗಡಿಕಲ್ಲಿನ ಹಾಗೆ ನಿಂತೆ.

ಸಂಜೆಯಾದಂತೆ ಊರೆಲ್ಲ ದೀಪ. ಕೆಳಗೆ ಕಾರುಗಳ ಸಾಲು, ಕೆಂಪು ದೀಪ ಹೊತ್ತಿಸಿಕೊಂಡು ಕದಲದೆ ನಿಂತಿತ್ತು. ಅಷ್ಟೆತ್ತರದಿಂದ ಅದು ಜಗಳವಾಗಲಿ ಹಾರ್ನ್ ಆಗಲಿ ಕೇಳದ ಒಂದು ಉದ್ದನೆಯ ಮಾಣಿಕ್ಯದ ಸರ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅಬ್ಬಾ, “ನಮ್ಮ ಕಾರ್ಖಾನಿ ಲೈನಕಿಂತಾ ಉದ್ದ ಐತಿ” ಅಂದರು. ಅಂದಕೂಡಲೇ ನಾಲಿಗೆ ಕಚ್ಚಿಕೊಂಡರು. ನಮ್ಮ ಮನೆಯಲ್ಲಿ ಲೈನ್ ಎಂಬ ಶಬ್ದವನ್ನು ಯಾರೂ ಆಡುವುದಿಲ್ಲ. ಅಮ್ಮಾ ಎದ್ದಳು. “ಎತ್ತರ ನೋಡಿದ್ರ ನನಗ ಚಕ್ರ ಬರತೈತಿ ಅಂತ ಹೇಳು” ಎಂದು ನನಗೆ ಹೇಳಿ, ದಪ್ಪ ಪರದೆಯನ್ನು ಸರ್ರನೆ ಎಳೆದುಬಿಟ್ಟಳು. ಇಡೀ ಬೆಂಗಳೂರು ಮುಚ್ಚಿಹೋಯಿತು.

ನನಗೆ ಆಗ ನಿಜವಾಗಿ ಕೆಟ್ಟದೆನಿಸಿತು, ಆಪಾ. ಇಂಥ ಜಾಗಕ್ಕೆ ಬಂದೂ ಇವರಿಬ್ಬರು ಎದುರುಬದುರು ಗೋಡೆ ನೋಡುತ್ತ ಕುಳಿತರೆ ಇನ್ನೆಲ್ಲಿ ಮಾತಾಡುತ್ತಾರೆ? ಬಕ್ರೀದಿಗೆ ನೀನು ಬರದಿದ್ದರೆ ಅಮ್ಮಾ ತವರಿಗೆ ಹೋಗಿ ಇರುತ್ತೇನೆ ಎಂದು ಚಿಕ್ಕಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನಾನು ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡು, ಕನ್ನಡಿಯ ಮುಂದೆ ನಿಂತು ಒಂದು ಮಹತ್ವದ ಯೋಜನೆ ರೂಪಿಸತೊಡಗಿದೆ. ಅದರ ವಿವರ ಇಲ್ಲಿ ಅನವಶ್ಯಕ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕಾರಣದ ಬಗ್ಗೆ ನಿಮ್ಮ ವರದಿಗಾರ್ತಿ ಸದ್ಯಕ್ಕೆ ಮೌನ ವಹಿಸುತ್ತಾಳೆ.

ಆ ಪರದೆಯ ಹಿಂದಿನ ಕತ್ತಲೆ ಎಂಥದ್ದೆಂದರೆ ನನ್ನ ಕೈ ನನಗೆ ಕಾಣಲಿಲ್ಲ. ಏಸಿಯ ಗುಂಯ್ ಶಬ್ದವೂ ನಿಂತಿತು. ಬಾಗಿಲು ತುಸುವೇ ತೆರೆದು ಉಸಿರು ಹಿಡಿದೆ. ಆಮೇಲೆ, ನನ್ನ ಹೆಸರು ಹಿಡಿಯದೆ, ಎಮ್ಮೆಯ ಹೆಸರೂ ಹಿಡಿಯದೆ, ಅಮ್ಮಾ ಕೂಗಿದಳು.

“ರೀ... ಎಲ್ಲಿದ್ದೀರಿ?”

“ಇಲ್ಲೇ ಅದೇನಿ” ಅಂದರು ಅಬ್ಬಾ. “ಹೆದರಬ್ಯಾಡ. ಕೌದಿ ಮ್ಯಾಲೇ ಕುಂದರು.”

ಅವರು ತಡವರಿಸುತ್ತ ಹೋಗಿ ಕೌದಿಯ ಮೇಲೆ ಕುಳಿತ ಸದ್ದು ಕೇಳಿತು. ಆಮೇಲೆ ಅಬ್ಬಾರ ದನಿ. ನಾವು ಕೇಳಿದ ಅಬ್ಬಾರ ದನಿಯಲ್ಲ ಅದು.

“ಬಿಬಿಜಾನ, ಅವತ್ತ ನಾ ಲೈನ್‌ನಾಗ ಇರಲಿಲ್ಲ.”

ಅಮ್ಮಾಳ ಬಳೆಗಳು ಸದ್ದು ಮಾಡಿದವು.

“ಟ್ರೇಲರ್ ಆಗಲೇ ಖಾಲಿ ಆಗಿತ್ತು. ಜೋಡಿ ಡ್ರೈವರ್ ಶಂಕರೆಪ್ಪ ಬಡಕೊಂಡ, ‘ಹೋಗೋ ಮಾರಾಯಾ, ಮಗಳು ಗಾಡಿ ಹತ್ತತಾಳ, ನಿನ್ನ ಟ್ರ್ಯಾಕ್ಟರ್ ನಾ ತರತೇನಿ’ ಅಂತ. ನನಗ ಏಳಾಕ ಆಗಲಿಲ್ಲ. ಖಾಲಿ ಟ್ರೇಲರ್ ನೋಡ್ಕೋತ ಅಲ್ಲೇ ಬೇವಿನ ಗಿಡದ ಕೆಳಗ ಕುಂತೆ. ಆಕೀ ಹೋದ ಮ್ಯಾಲೆ ಮನಿನೂ ಹಂಗ ಕಾಣತೈತಿ ಅನಿಸ್ತು. ಆಕೀ ಹೋಗೂದು ನೋಡೂ ಧೈರ್ಯ ನನಗ ಇರಲಿಲ್ಲ.”

ಆಪಾ, ಲೋಡು ಕಬ್ಬು ಎಳೆದು ಘಾಟಿ ಏರಿಸುವ ಮನುಷ್ಯ ಹೀಗೆ ಹೇಳಿದರು. ನಾನು ಬಚ್ಚಲಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಅಮ್ಮಾ ಸಿಡಿಯುತ್ತಾಳೆ ಎಂದುಕೊಂಡೆ. ಅವಳು ಮೂಗು ಒರೆಸಿಕೊಂಡದ್ದು ಕೇಳಿತು.

“ಮೊದಲ ಹೇಳಬಾರದೇನ್ರಿ?” ಅಂದಳು. “ನಾನೂ ಬಂದು ಅಲ್ಲೇ ಕೂಡತಿದ್ದೆ.”

“ನೀನೂ ಬಂದಿದ್ರ ಆಕೀನ್ನ ಕಳಸವ್ರು ಯಾರು?”

“ಅದಕ್ಕ ನಾ ಒಬ್ಬಾಕಿನ ಕಳಿಸಿದೆ. ಒಬ್ಬಾಕಿನ ಕುಂತು ಅತ್ತೆ. ಅದರ ಸಿಟ್ಟು ನನಗ.”

ಅಷ್ಟೇ. ಆಮೇಲೆ ಇಬ್ಬರೂ ಸಣ್ಣ ದನಿಯಲ್ಲಿ ಮಾತಾಡುತ್ತಲೇ ಇದ್ದರು. ನಿನ್ನ ಬಗ್ಗೆಯೇ. ನೀನು ಚಿಕ್ಕವಳಿದ್ದಾಗ ಟ್ರ್ಯಾಕ್ಟರಿನ ಸ್ಟೇರಿಂಗ್ ಬಿಡಲು ಒಪ್ಪದೆ ಅದರ ಮೇಲೆಯೇ ನಿದ್ದೆ ಹೋದದ್ದು, ಇನ್ನೂ ಏನೇನೋ. ಕಡೆಗೆ ಅಬ್ಬಾ ನೀರಿನ ಬಾಟಲಿ ತರುತ್ತೇನೆ ಎಂದು ಎದ್ದರು, ಅದೇ ಹೊತ್ತಿಗೆ ಕರೆಂಟ್ ಬಂತು. ದೀಪಗಳೆಲ್ಲ ಹೊತ್ತಿದಾಗ ಅಮ್ಮಾ ಎದ್ದುಹೋಗಿ ತಾನೇ ಪರದೆ ಸರಿಸಿದಳು. ಚಕ್ರ ಬರಲಿಲ್ಲ. ಅಬ್ಬಾರ ಪಕ್ಕದಲ್ಲಿ ನಿಂತು ಆ ಮಾಣಿಕ್ಯದ ಸರ ನೋಡಿದಳು. ನಾನು ಈ ಹೋಟೆಲಿನಲ್ಲಿ ಕಂಡ ಅದ್ಭುತಗಳಲ್ಲಿ ಗಾಜಿನ ಗೊಂಚಲಿಗೆ ಎರಡನೆಯ ಸ್ಥಾನ.

ಈ ಬೆಳಿಗ್ಗೆ ಕೆಳಗೆ ತಿಂಡಿ. ಎಷ್ಟು ಬಗೆ ಎಂದು ಬರೆದರೆ ನೀನು ಸುಳ್ಳೆನ್ನುತ್ತೀ. ಅದರ ನಡುವೆ ಅಮ್ಮಾ ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಬೆಳ್ಳಗಿನ ತಾಟಿಗೆ ಹಾಕಿ, “ತಗೋರಿ” ಅಂದಳು. ನೇರವಾಗಿ. ನನ್ನ ಕಡೆ ತಿರುಗಲೂ ಇಲ್ಲ. ನನ್ನ ಹುದ್ದೆ ಹೋಯಿತು, ಆಪಾ, ಎಮ್ಮೆಗೂ ತಿಳಿಸಬೇಕು.

ಈಗ ಅಧಿಕೃತ ಆಜ್ಞೆ, ಅಮ್ಮಾ ಹೇಳಿ ಬರೆಸಿದ್ದು. ಬಕ್ರೀದಿಗೆ ನೀನೂ ಭಾವನೂ ಬರಬೇಕು. ಹಬ್ಬ ಮುಗಿದ ಮೇಲೆ ನಿನ್ನನ್ನು ಇನ್ನೊಂದು ಸಲ ಕಳಿಸಿಕೊಡಲಾಗುವುದು. ಮೊದಲನೆಯದು ಲೆಕ್ಕಕ್ಕಿಲ್ಲವಂತೆ. ಭಾವ ಗಾಡಿಗೆ ಹೂವು ಕಟ್ಟಿಸಿಕೊಂಡು ಬರಲಿ, ನೀನು ಕೆಂಪು ಸೀರೆ ಉಡು. ಅಬ್ಬಾ ತಲೆಯ ಮೇಲೆ ಕೈಯಿಟ್ಟು ಗಾಡಿ ಹತ್ತಿಸುತ್ತಾರೆ. “ಆ ದಿನ ಟ್ರ್ಯಾಕ್ಟರ್ ಮುಟ್ಟಂಗಿಲ್ಲ ಅಂತ ಬರಿ” ಎಂದು ಅಬ್ಬಾ ಈಗಷ್ಟೇ ಹೆಗಲ ಮೇಲಿಂದ ಬಗ್ಗಿ ಹೇಳಿದರು. ಅವರು ಅತ್ತಾರು, ಮೊದಲೇ ಹೇಳಿರುತ್ತೇನೆ. ನೀನು ನೋಡಿಯೂ ನೋಡದ ಹಾಗೆ ಇರು.

ಫೋನ್ ಎತ್ತು. ಇಲ್ಲವಾದರೆ ಇನ್ನೊಂದು ದಪ್ಪ ಕಾಗದ ಬರುತ್ತದೆ, ಅದನ್ನು ನಿನ್ನ ಅತ್ತೆಯ ಹೆಸರಿಗೇ ಬರೆಯುತ್ತೇನೆ.

ನಿರುದ್ಯೋಗಿ ದುಭಾಷಿ,
ನಿನ್ನ ಮೆಹೆರಾಜ

ತಾ.ಕ.: ಲಕೋಟೆ ಅಂಟಿಸುವ ಮುನ್ನ, ಕೆಳಗೆ ಸೋಫಾದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕರೆಂಟ್ ತೆಗೆದವಳು ನಾನೇ ಎಂದು ನೀನು ಆಗಲೇ ತೀರ್ಮಾನಿಸಿರುತ್ತೀ. ನನ್ನ ಯೋಜನೆ ಅದೇ ಆಗಿತ್ತು: ಬಚ್ಚಲಿನಿಂದ ಹೊರಬಂದು ಸಂದಿಯಿಂದ ಕಾರ್ಡು ಕಿತ್ತುಕೊಳ್ಳುವುದು. ಆದರೆ ನಾನು ಬಾಗಿಲು ತೆರೆಯುವ ಮೊದಲೇ ಕತ್ತಲಾಗಿತ್ತು. ಬಚ್ಚಲಿನ ಬಾಗಿಲಿನಿಂದಲೇ ಕೈ ಚಾಚಿ ಪಕ್ಕದ ಗೋಡೆ ತಡವಿದರೆ ಸಂದಿ ಖಾಲಿ. ಈಗ ಕೆಳಗೆ ಗಂಗಾ, ಖೋಲಿಯಲ್ಲಿ ಏನಾದರೂ ತೊಂದರೆಯಾಯಿತೇ ಎಂದು ಕೇಳಿದಳು. ಅಮ್ಮಾ, “ಸಂಜೀಕ ಕರೆಂಟ್ ಹೋಗಿತ್ತು ನೋಡವಾ” ಅಂದಳು. ಇಲ್ಲಿ ಕರೆಂಟ್ ಹೋಗುವುದೇ ಇಲ್ಲ ಎಂದು ಗಂಗಾ ಪ್ರಮಾಣ ಮಾಡಿದಳು. ಅಬ್ಬಾ ಕೆಮ್ಮಿ, ಗಾಜಿನ ಗೊಂಚಲನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಆಮೇಲೆ ಕಿಸೆಯಿಂದ ಕಾರ್ಡು ತೆಗೆದು ಅವಳ ಕೈಗಿಟ್ಟು, ನನ್ನ ಕಡೆ ಒಂದು ಕಣ್ಣು ಮಿಟುಕಿಸಿ ಅಂದರು: “ಚಾವಿ ಯಾವಾಗ ತಗೀಬೇಕು ಅನ್ನೂದು ಡ್ರೈವರ್‌ಗ ಗೊತ್ತಿರತೈತವಾ.”